ಹಣ ಕೊಡುತ್ತಾರೆ, ನೌಕರರೆಂದು ಒಪ್ಪುವುದಿಲ್ಲ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರಕಾರಿ ನೌಕರ ಗವರ್ನರ್ ಅಲ್ಲ, ಸರಕಾರಿ ವಿಶ್ವವಿದ್ಯಾಲಯದ (ಅಮೆರಿಕನ್) ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ತರಬೇತುದಾರ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತರಬೇತುದಾರ ಜಿಂಬೊ ಫಿಶರ್ ಅವರನ್ನು ಮನೆಗೆ ಕಳುಹಿಸಿತು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು, ಅದೂ ಕೆಲಸ ಬಿಟ್ಟು ಹೋಗುವುದಕ್ಕೆ! ಅದೇ ಮೈದಾನದಲ್ಲಿ ಹೆಲ್ಮೆಟ್ ತೊಟ್ಟು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಹುಡುಗರು ಮಾತ್ರ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ನೌಕರರೇ ಅಲ್ಲ.

ಇಲ್ಲಿನ ಕನ್ನಡ ಕೂಟದ ಊಟದ ಸಾಲಿನಲ್ಲೂ ಈಗ ಇದೇ ಮಾತು: ‘ಹುಡುಗರ ಕೈಗೆ ದುಡ್ಡು ಬಂತು, ಕಾಲೇಜು ಫುಟ್‌ಬಾಲ್ ಹಾಳಾಯಿತು.’ ನನಗೆ ಇದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ದುಡ್ಡು ಅಲ್ಲಿಗೆ ಬಂದು ದಶಕಗಳೇ ಆದವು. ಹಂಚುವಾಗ ಆಟಗಾರರನ್ನು ಬಿಟ್ಟಿದ್ದರು, ಅಷ್ಟೇ.

1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಎ ಅಂಡ್ ಎಂ ಕಾಲೇಜಿನ ತಂಡದಲ್ಲಿ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕೆಲಸದ ವೇಳೆ ಸತ್ತ ಕಾರ್ಮಿಕನಿಗೆ ಸಿಗುವ ಪರಿಹಾರ ತನಗೂ ಬರಬೇಕೆಂದು ಅವರ ಹೆಂಡತಿ ಕೇಳಿದರು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ ಎಂದು 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆಕೆಯ ಕೋರಿಕೆಯನ್ನು ತಳ್ಳಿಹಾಕಿತು. ಒಂದು ಸಣ್ಣ ಕಾಲೇಜಿನ ಮಟ್ಟಿಗೆ ಆ ದಿನಗಳಲ್ಲಿ ಅದು ನಿಜವೂ ಇದ್ದೀತು. ಆದರೆ 1984ರಲ್ಲಿ, ಟಿವಿ ಪ್ರಸಾರವನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ವಿರುದ್ಧ ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದವು. ಪ್ರಸಾರದ ಹಕ್ಕನ್ನು ತಾವೇ ಮಾರಿಕೊಳ್ಳುವ ಸ್ವಾತಂತ್ರ್ಯಕ್ಕಾಗಿ ಏಕಸ್ವಾಮ್ಯ ವಿರೋಧಿ ಕಾನೂನಿನ ಮೊರೆಹೊಕ್ಕವರು ವಿಶ್ವವಿದ್ಯಾಲಯಗಳೇ. ಇಷ್ಟಾದ ಮೇಲೂ ಇದು ವ್ಯಾಪಾರವಲ್ಲ ಎಂದರೆ ನಂಬುವವರು ಯಾರು?

ಆ ತೀರ್ಪಿನಿಂದ ಇನ್ನೊಂದೂ ಆಯಿತು: ಆಡಳಿತ ಸಂಸ್ಥೆಯ ಕೈಯಿಂದ ಆಟವೇ ಜಾರಿತು. ಇಂದು ಅತ್ಯುನ್ನತ ಮಟ್ಟದ ಕಾಲೇಜು ಫುಟ್‌ಬಾಲ್ ಪ್ಲೇಆಫ್ ನಡೆಸುವುದು ಎನ್‌ಸಿಎಎ ಅಲ್ಲ, ಕಾನ್ಫರೆನ್ಸ್‌ಗಳ, ಅಂದರೆ ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಕ್ರೀಡಾ ಒಕ್ಕೂಟಗಳ, ಕೂಟ. ಅವು ಟಿವಿ ಹಣದ ಜಾಡು ಹಿಡಿದು ಹೊರಟ ಫಲವಾಗಿ ಪಶ್ಚಿಮ ಕರಾವಳಿಯ, ಶತಮಾನದಷ್ಟು ಹಳೆಯ ಪ್ಯಾಕ್-12 ಕಾನ್ಫರೆನ್ಸ್ ಮುರಿದುಬಿತ್ತು. ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ 2024ರಿಂದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಸದಸ್ಯರು. ಭೂಗೋಳದ ಮೇಷ್ಟರು ಇದನ್ನು ಹೇಗೆ ವಿವರಿಸುತ್ತಾರೋ! ಫುಟ್‌ಬಾಲಿನ ಹಣಕ್ಕಾಗಿ ಮಾಡಿಕೊಂಡ ಈ ಏರ್ಪಾಡಿನಲ್ಲಿ ಖಂಡದ ಉದ್ದಕ್ಕೂ ವಿಮಾನ ಹತ್ತಬೇಕಾದವರಲ್ಲಿ, ನಾಳೆ ಪರೀಕ್ಷೆ ಬರೆಯಬೇಕಾದ ವಾಲಿಬಾಲ್ ಹುಡುಗಿಯರೂ ಇದ್ದಾರೆ.

2021ರಲ್ಲಿ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು: ಆಟಗಾರರ ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಅದು ಹಾಕಿದ್ದ ಮಿತಿ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ. ಕೆಲವೇ ದಿನಗಳಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಲು ಅನುಮತಿ ಸಿಕ್ಕಿತು. (ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಆಸ್ಟ್ರೇಲಿಯದಂಥ ಹೊರದೇಶಗಳಿಂದ ಆಡಲು ಬಂದ ಹುಡುಗರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ಅದೇ ವೀಸಾದಲ್ಲಿ ಕ್ಯಾಂಪಸ್ಸಿನಿಂದ ಹೊರಗೆ ನಾಲ್ಕು ಕಾಸು ದುಡಿಯಲು ಹೆದರುತ್ತಾ ಓದಿದ ನಮ್ಮವರಿಗೆ ಅವರ ಪಾಡು ಗೊತ್ತಿರುತ್ತದೆ.) 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟರು: ಹಳೆಯ ಬಾಕಿಗೆ ಸುಮಾರು 280 ಕೋಟಿ ಡಾಲರ್, ಮುಂದೆ ಪ್ರತಿ ವಿಶ್ವವಿದ್ಯಾಲಯವೂ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷಕ್ಕೆ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ನನ್ನ ತಕರಾರು ಇರುವುದು ಈ ಮಿತಿಯ ಬಗ್ಗೆ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲೂ ಸಂಬಳಕ್ಕೆ ಮಿತಿಯಿದೆ, ಆದರೆ ಅದು ಆಟಗಾರರ ಸಂಘ ಮೇಜಿನ ಎದುರು ಕುಳಿತು ಚೌಕಾಸಿ ಮಾಡಿ ಒಪ್ಪಿದ ಮಿತಿ. ಹಾಗೆ ಒಪ್ಪಿದ್ದರಿಂದಲೇ ಏಕಸ್ವಾಮ್ಯ ವಿರೋಧಿ ಕಾನೂನು ಅದರ ತಂಟೆಗೆ ಹೋಗುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ಮಿತಿ ಬೇಕು, ಸಂಘ ಬೇಡ. ಆದ್ದರಿಂದಲೇ ಅವು ಮಾಡುವ ನಿಯಮಗಳೆಲ್ಲ ಒಂದಾದ ಮೇಲೊಂದು ಕೋರ್ಟಿನಲ್ಲಿ ಮಣ್ಣು ಮುಕ್ಕುತ್ತಿವೆ.

ಸಂಘ ಕಟ್ಟುವುದು ಸುಲಭವಲ್ಲ, ನಿಜ. 2014ರಲ್ಲಿ ಖಾಸಗಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಯತ್ನಿಸಿದರು. ಮರುವರ್ಷ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಪ್ರಕರಣದಲ್ಲಿ ಕೈಹಾಕಲು ನಿರಾಕರಿಸಿತು. ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಮಟ್ಟದಲ್ಲಿ ಆಗ ಆಡುತ್ತಿದ್ದ ಸುಮಾರು 125 ವಿಶ್ವವಿದ್ಯಾಲಯಗಳಲ್ಲಿ ಖಾಸಗಿಯವು ಬರೀ 17; ಉಳಿದವು ಸರಕಾರದವು, ಅವು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಉತ್ತರ ಕ್ಯಾರೊಲೈನದಂಥ ರಾಜ್ಯದಲ್ಲಿ ಸರಕಾರಿ ನೌಕರರ ಸಂಘದ ಜೊತೆ ಒಪ್ಪಂದ ಮಾಡಿಕೊಳ್ಳುವುದಕ್ಕೇ ಕಾನೂನಿನ ನಿಷೇಧವಿದೆ.

ಈ ಗಂಟನ್ನು ಬಿಡಿಸಬಲ್ಲದ್ದು ಅಮೆರಿಕದ ಸಂಸತ್ತು ಮಾತ್ರ. ಆದರೆ 2025ರಲ್ಲಿ ಅಲ್ಲಿ ಮಂಡನೆಯಾದ ಸ್ಕೋರ್ ಮಸೂದೆ ಹೊರಟಿದ್ದು ತದ್ವಿರುದ್ಧ ದಿಕ್ಕಿಗೆ: ಎನ್‌ಸಿಎಎ ಮತ್ತು ಕಾನ್ಫರೆನ್ಸ್‌ಗಳಿಗೆ ಮೊಕದ್ದಮೆಗಳಿಂದ ರಕ್ಷಣೆ, ಆಟಗಾರರು ನೌಕರರಲ್ಲ ಎಂಬುದಕ್ಕೆ ಕಾನೂನಿನ ಮೊಹರು. ಎನ್‌ಸಿಎಎ ಅದಕ್ಕೆ ಬೆಂಬಲ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಮತ ಹಾಕುವ ನಮ್ಮ ಮಂದಿ ತಮ್ಮ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡಿ ಕೇಳಬೇಕಾದದ್ದು ಇನ್ನೊಂದು ಬಗೆಯ ಮಸೂದೆಯನ್ನು, ಸರಕಾರಿ ವಿಶ್ವವಿದ್ಯಾಲಯದ ಆಟಗಾರರಿಗೂ ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕು ಕೊಡುವಂಥದ್ದನ್ನು.