ಆಪ್ಷನ್ ಎಂಟ್ರಿಗೆ ಕೂರುವ ಮುಂಚೆ

ಸಿಇಟಿ ರ‍್ಯಾಂಕ್ ಬಂತು ಅಂದರೆ ಬೆಂಗಳೂರಿನ ಮನೆಮನೆಯಲ್ಲೂ ಒಂದೇ ಮಾತು. ಸಿಎಸ್, ಅಂದರೆ ಕಂಪ್ಯೂಟರ್ ಸೈನ್ಸ್, ಸಿಗುತ್ತಾ? ಸಿಗದಿದ್ರೆ ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಕೇಳ್ತಾರೆ? ಸಂಬಂಧಿಕರ ಹುಡುಗಿಯೊಬ್ಬಳ ಆಪ್ಷನ್ ಪಟ್ಟಿ, ಅಂದರೆ ಬೇಕಾದ ಕೋರ್ಸು, ಕಾಲೇಜುಗಳನ್ನು ಕ್ರಮವಾಗಿ ಹಾಕಿದ ಪಟ್ಟಿ ನೋಡಿದೆ. ಪಿಸಿಎಂಬಿ ಓದಿದವಳು, ಬಯಾಲಜಿ ಅಂದರೆ ಪ್ರಾಣ. ಪಟ್ಟಿಯಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೂ ಸಿಎಸ್, ಐಎಸ್ (ಇನ್ಫರ್ಮೇಷನ್ ಸೈನ್ಸ್), ಎಐ, ಡೇಟಾ ಸೈನ್ಸ್. ನನಗೆ ನಿಜಕ್ಕೂ ಸಂಕಟವಾಯಿತು.

ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅದೇ ಪಟ್ಟಿಯಲ್ಲಿ ಇನ್ನೂ ಏನೇನಿದೆ ಗೊತ್ತಾ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಜಿಕೆವಿಕೆಯ ಕೃಷಿ ಕಾಲೇಜು ನಮ್ಮ ಊರಲ್ಲೇ ಇವೆ. ರೇಷ್ಮೆ ಕೃಷಿ ಓದೋಕೆ ಚಿಂತಾಮಣಿ. ಅರಣ್ಯಶಾಸ್ತ್ರಕ್ಕೆ ಶಿರಸಿ, ಪೊನ್ನಂಪೇಟೆ. ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ 1969ರಿಂದ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯ ಇದೆ. ರೈತರ ಮಕ್ಕಳಿಗೆ ಬೇರೆ ಕೋಟಾ ಉಂಟು, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಊರಲ್ಲಿ ಜಮೀನಿರುವ ಎಷ್ಟೋ ಬೆಂಗಳೂರಿನ ಮನೆಗಳಲ್ಲಿ ಇದನ್ನು ವಿಚಾರಿಸುವವರೇ ಇಲ್ಲ.

ಕೆಇಎ ಪಟ್ಟಿಯಲ್ಲಿಲ್ಲದ ಕಾಲೇಜುಗಳ ಕಥೆ ಇನ್ನೂ ಬೇಜಾರು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಅಲ್ಲಿ ಪಿಯುಸಿ ಸೈನ್ಸ್ ಮುಗಿಸಿದವರಿಗೆ ನಾಲ್ಕು ವರ್ಷದ ಡಿಗ್ರಿ ಇದೆ, ಕೊನೆಯ ವರ್ಷ ಇಂಟರ್ನ್‌ಶಿಪ್. ಕಿವಿ ಕೇಳದ ಪುಟ್ಟ ಮಗುವಿಗೆ ಹಿಯರಿಂಗ್ ಏಡ್ ಹಾಕಿ, ಹಿಂದಿನಿಂದ ಸದ್ದು ಮಾಡಿ, ತಿರುಗಿ ನೋಡುತ್ತಾ ಅಂತ ಉಸಿರು ಬಿಗಿಹಿಡಿದು ಕಾಯುವ ಕೆಲಸ ಅದು. ಆಮೇಲೆ ತಿಂಗಳುಗಟ್ಟಲೆ ಆ ಮಗುವಿನ ಬಾಯಲ್ಲಿ ‘ಅಮ್ಮ’ ಬರಿಸಲು ಕೂರಬೇಕು. ಇಂಥ ಓದು ಎರಡೂವರೆ ಗಂಟೆ ರೈಲಿನ ದೂರದಲ್ಲಿದೆ. ಅದೇ ಮೈಸೂರಿನ ಆರ್‌ಐಇ, ಅಂದರೆ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ, ಬಿ.ಎಡ್. ಎರಡೂ ಸೇರಿ ನಾಲ್ಕೇ ವರ್ಷ. ಚಿತ್ರ ಬರೆಯುವವರಿಗೆ ಅಲ್ಲೇ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಇದೆ, ಇಲ್ಲಿ ಚಿತ್ರಕಲಾ ಪರಿಷತ್ತಿದೆ. ಕ್ಯಾಮೆರಾ, ಸೌಂಡ್ ಕಲಿಯೋಕೆ ಹೆಸರಘಟ್ಟದಲ್ಲಿ ಸರ್ಕಾರಿ ಸಂಸ್ಥೆಯೇ ಇದೆ. ಇವುಗಳಲ್ಲಿ ಕೆಲವಕ್ಕೆ ಬೇರೆಯೇ ಎಂಟ್ರೆನ್ಸ್, ಬೇರೆಯೇ ಕೊನೇ ದಿನಾಂಕ. ನಾವು ಕೆಇಎ ವೆಬ್‌ಸೈಟ್ ನೋಡುತ್ತಾ ಕೂತಿರುವಾಗಲೇ ಆ ದಿನಾಂಕ ದಾಟಿ ಹೋಗಿರುತ್ತದೆ.

ಅಪ್ಪ ಅಮ್ಮಂದಿರ ಭಯ ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಓದಿಸಿದ ಮೇಲೆ ಮಗುವಿಗೊಂದು ಕೆಲಸ ಬೇಕು, ಅಷ್ಟೇ. ಕಂಪ್ಯೂಟರ್ ಇಷ್ಟಪಡುವ ಮಕ್ಕಳು ಖಂಡಿತ ಅದನ್ನೇ ಓದಲಿ. ಆದರೆ ಇಷ್ಟವಿಲ್ಲದ ಮಗುವನ್ನು ಲಕ್ಷಗಟ್ಟಲೆ ಕೊಟ್ಟು ಅಲ್ಲಿಗೇ ತಳ್ಳುವುದು ತಪ್ಪು. ದೂರ ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಬೀದರ್, ರಾಯಚೂರಿನ ಮಕ್ಕಳು ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಇಲ್ಲಿಗೆ ಬಂದು, ಪಿಜಿಗಳಲ್ಲಿದ್ದು ಓದುತ್ತಿಲ್ವಾ? ನಮ್ಮ ಮಕ್ಕಳಿಗೆ ಶಿರಸಿ ಯಾಕೆ ದೂರವಾಗಬೇಕು?

ಪಿಯು ಕಾಲೇಜುಗಳಲ್ಲಿ ನನ್ನದೊಂದು ಮನವಿ. ಸೆಕೆಂಡ್ ಪಿಯು ಫೆಬ್ರವರಿಯಲ್ಲಿ ಹೇಳಿದರೆ ತಡವಾಯಿತು, ಫಸ್ಟ್ ಪಿಯು ಇರುವಾಗಲೇ ಒಂದು ಶನಿವಾರ ಬಿಡುವು ಮಾಡಿ. ಹೆಬ್ಬಾಳದಿಂದ ಒಬ್ಬ ವಿದ್ಯಾರ್ಥಿ, ಮೈಸೂರಿನಿಂದ ಒಬ್ಬಳು ಬಂದು ಮಕ್ಕಳ ಜೊತೆ ಮಾತಾಡಲಿ. ಫೀಸು ಎಷ್ಟು, ಹಾಸ್ಟೆಲ್ ಊಟ ಹೇಗಿದೆ, ಮುಂದೆ ಕೆಲಸ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಮಕ್ಕಳೇ ಕೇಳಲಿ. ಅವತ್ತು ಅಪ್ಪ ಅಮ್ಮಂದಿರನ್ನೂ ತಪ್ಪದೆ ಕರೆಯಿರಿ.