ಸತ್ಯಾಂಶ: ಐಪಿಒ ಸಿಕ್ಕರೆ ಲಾಭ ಖಚಿತವೇ?

ಮಂಡ್ಯದ ಬೆಲ್ಲದ ವ್ಯಾಪಾರಿಗಳಿಂದ ಮೈಸೂರಿನ ನಿವೃತ್ತರವರೆಗೆ ಎಲ್ಲರ ವಾಟ್ಸ್‌ಆ್ಯಪ್‌ಗೂ ಬರುವ ಮಾತು: ಷೇರುಪೇಟೆಯ ನಿಯಂತ್ರಕರಾದ ಸೆಬಿ ಒಪ್ಪಿದ ಐಪಿಒ (ಕಂಪನಿಯೊಂದು ಮೊದಲ ಸಲ ಜನರಿಗೆ ಷೇರು ಮಾರುವುದು), ಗ್ರೇ ಮಾರುಕಟ್ಟೆಯಲ್ಲಿ (ಷೇರು ಪೇಟೆಗೆ ಬರುವ ಮೊದಲೇ ಹೊರಗೆ ನಡೆಯುವ ಅನಧಿಕೃತ ವಹಿವಾಟು) ಆಗಲೇ ಏರಿದೆ, ಲಾಭ ಖಚಿತ. ಕಳಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಆದರೆ ಮಾತು ತಪ್ಪು.

ಕಂಪನಿ ತಿಳಿಸಬೇಕಾದುದನ್ನೆಲ್ಲ ತಿಳಿಸಿದೆಯೇ ಎಂದಷ್ಟೇ ನಿಯಂತ್ರಕರು ನೋಡುತ್ತಾರೆ. ಬೆಲೆಗೆ ಅವರು ಹೊಣೆಯಲ್ಲ. ಐಪಿಒದ ವಿವರಗಳ ದಾಖಲೆಯಾದ ಪ್ರಾಸ್ಪೆಕ್ಟಸ್‌ನಲ್ಲೇ ಹಾಗೆಂದು ಬರೆದಿರುತ್ತದೆ. ಗ್ರೇ ಮಾರುಕಟ್ಟೆಯದೋ, ಯಾರ ನಿಗಾಕ್ಕೂ ಒಳಪಡದ ಬಾಯಿಮಾತಿನ ದರ. 2021ರ ನವೆಂಬರಿನಲ್ಲಿ 2,150 ರೂಪಾಯಿಗೆ ಹಂಚಿಕೆಯಾದ ಒಂದು ಷೇರು ಮೊದಲ ದಿನವೇ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು.

ನೀವೇ ಪರಿಶೀಲಿಸಬಹುದು. ಷೇರುಪೇಟೆಯ ಜಾಲತಾಣದಲ್ಲಿ ಹಳೆಯ ಐಪಿಒಗಳ ಹಂಚಿಕೆ ಬೆಲೆಗೆ ಈಗಿನ ಬೆಲೆಯನ್ನು ಹೋಲಿಸಿ. ನಿಯಂತ್ರಕರ ಜಾಲತಾಣದಲ್ಲಿ ಪ್ರಾಸ್ಪೆಕ್ಟಸ್ ಉಚಿತ. ನೂರಾರು ಪುಟ ಓದುವ ತಾಳ್ಮೆ ಯಾರಿಗಿದೆ! ‘ಆಫರ್ ಫಾರ್ ಸೇಲ್’ ಎಷ್ಟೆಂದಾದರೂ ನೋಡಿ: ಆ ಹಣ ಕಂಪನಿಗಲ್ಲ, ತಮ್ಮ ಷೇರು ಮಾರುವ ಹಳೆಯ ಪಾಲುದಾರರಿಗೆ ಸೇರುತ್ತದೆ.