ಯಾವ ಜೇಬಿನ ದುಡ್ಡು?

ಅಮೆರಿಕದಲ್ಲಿ ನಾಲ್ಕು ಜನ ಕನ್ನಡಿಗರು ಒಂದೂರಲ್ಲಿ ಸೇರಿದರೆ ಮೊದಲು ಕನ್ನಡ ಕೂಟ ಕಟ್ಟುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಕೂಟವೆಲ್ಲ ಆಮೇಲೆ. ಮೊದಲು ಕಟ್ಟುವುದು ಫ್ಯಾಮಿಲಿ ಪ್ಲಾನ್, ಅಂದರೆ ಹಲವರ ಮೊಬೈಲ್ ಲೈನಿಗೆ ಒಂದೇ ಅಕೌಂಟು. ಇಲ್ಲಿನ ಮೊಬೈಲ್ ಕಂಪನಿಗಳು ಒಂಟಿ ಲೈನಿಗೆ ಹೇಳುವ ದರ ಕೇಳಿದರೆ ಎಂಥಾ ಬ್ರಹ್ಮಚಾರಿಗೂ ಸಂಸಾರದ ಮೇಲೆ ಆಸೆ ಹುಟ್ಟಬೇಕು. ಲೈನು ಹೆಚ್ಚಿದಷ್ಟೂ ತಲೆಗೆ ಬೀಳುವ ಪಾಲು ಇಳಿಯುತ್ತದೆ. ಹಾಗಾಗಿ ಎಂ.ಎಸ್. ಓದಲು ಬಂದ ಧಾರವಾಡದವನು, ತುಮಕೂರಿನವಳು, ಅವಳ ರೂಮ್‌ಮೇಟ್ ಗುಂಟೂರಿನವಳು ಎಲ್ಲ ಸೇರಿ ಒಂದೇ ಮನೆತನದವರಾಗಿಬಿಡುತ್ತಾರೆ. ಗೋತ್ರ ಬೇರೆ, ಭಾಷೆ ಬೇರೆ, ಬಿಲ್ಲು ಒಂದು. ಮದುವೆಯಾಗಿ, ಮಕ್ಕಳಾಗಿ, ಒಬ್ಬ ಟೆಕ್ಸಾಸಿಗೂ ಇನ್ನೊಬ್ಬಳು ಓಹಾಯೋಗೂ ಹೋದಮೇಲೂ ಈ ಅವಿಭಕ್ತ ಕುಟುಂಬ ಪಾಲಾಗುವುದಿಲ್ಲ.

ಇಂಥ ಕುಟುಂಬಕ್ಕೊಬ್ಬ ಯಜಮಾನ ಇರುತ್ತಾನೆ. ಅಕೌಂಟು ಅವನ ಹೆಸರಿನಲ್ಲಿ. ತಿಂಗಳಾದರೆ ವಾಟ್ಸಾಪಿನಲ್ಲಿ ಬಿಲ್ಲಿನ ಫೋಟೋ ಹಾಕಿ, ಪಾಲು ಲೆಕ್ಕ ಮಾಡಿ, ಜೆಲ್‌ನಲ್ಲಿ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಇಲ್ಲಿನ ಏರ್ಪಾಟು) ದುಡ್ಡು ಕಳಿಸಿರಪ್ಪಾ ಎಂದು ಗೋಗರೆಯುವುದು ಅವನ ಹಣೆಬರಹ. ಇಷ್ಟು ತಾಪತ್ರಯವನ್ನು ಒಬ್ಬ ಮನುಷ್ಯ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾನೆ ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ಉತ್ತರ ಕ್ರೆಡಿಟ್ ಕಾರ್ಡಿನಲ್ಲಿತ್ತು. ಎಲ್ಲರ ಬಿಲ್ಲೂ ಅವನ ಕಾರ್ಡಿನಿಂದ ಹೋಗುತ್ತದೆ, ಖರ್ಚಿಗೆ ತಕ್ಕಂತೆ ಕಾರ್ಡಿನವರು ಇನಾಮಾಗಿ ಕೊಡುವ, ಆಮೇಲೆ ದುಡ್ಡಿನಂತೆ ಬಳಸಬಹುದಾದ ಪಾಯಿಂಟು, ಎಲ್ಲರ ಹರಟೆಯದ್ದೂ, ಅವನ ಖಾತೆಗೆ ಬೀಳುತ್ತದೆ. ನಮ್ಮ ಪ್ಲಾನಿನ ಯಜಮಾನರು ನಮ್ಮ ಭಾವ. ನಾನು ಅಮ್ಮನ ಜೊತೆ ಮಾತಾಡಿದ ಪಾಯಿಂಟಿನಲ್ಲಿ ಅವರು ಫ್ಲಾರಿಡಾ ನೋಡಿ ಬಂದಿದ್ದಾರೆ ಎಂಬುದು ನನ್ನ ಗುಮಾನಿ.

ಈ ಸುಖಕ್ಕೆ ಕಂಪನಿಗಳ ಕಣ್ಣು ಬಿತ್ತು. ಪ್ರತಿ ತಿಂಗಳು ತಾನಾಗಿ ಬಿಲ್ಲು ಪಾವತಿಯಾಗುವ ಆಟೋಪೇಗೆ ಒಪ್ಪಿಕೊಂಡರೆ ಲೈನಿಗೆ ಇಷ್ಟು ಡಾಲರ್ ರಿಯಾಯಿತಿ ಎಂಬುದು ಇಲ್ಲಿ ಹಳೆಯ ಪದ್ಧತಿ. ಯಾವುದರಿಂದ ಕಟ್ಟಿದರೂ ಮೊದಲು ನಡೆಯುತ್ತಿತ್ತು. ಬರಬರುತ್ತಾ ಮಡಿ ಶುರುವಾಯಿತು. ವೆರೈಝನ್ ಲೈನಿಗೆ 10 ಡಾಲರಿನ ತನ್ನ ರಿಯಾಯಿತಿಯನ್ನು ಬ್ಯಾಂಕ್ ಖಾತೆ, ಡೆಬಿಟ್ ಕಾರ್ಡಿನವರಿಗೆ ಮೀಸಲಿಟ್ಟಿತು. 2023ರ ಬೇಸಿಗೆಯಲ್ಲಿ ಟಿ-ಮೊಬೈಲ್ ಲೈನಿಗೆ 5 ಡಾಲರಿನ ರಿಯಾಯಿತಿಯಿಂದ ಕ್ರೆಡಿಟ್ ಕಾರ್ಡನ್ನು ಹೊರಗಿಟ್ಟಿತು. ಆಪಲ್ ಪೇ, ಗೂಗಲ್ ಪೇಗಳಿಗೂ ಅದೇ ಗತಿ. ಎಟಿ ಅಂಡ್ ಟಿ ಶುರುವಿನಲ್ಲಿ ಪಂಕ್ತಿಭೇದವನ್ನಷ್ಟೇ ಮಾಡಿತ್ತು: ಬ್ಯಾಂಕ್ ಖಾತೆಯವರಿಗೆ ಹತ್ತು, ಕ್ರೆಡಿಟ್ ಕಾರ್ಡಿನವರಿಗೆ ಐದು.

ನಮ್ಮ ಗುಂಪಿಗೂ ಒಂದು ದಿನ ಬಿಸಿ ತಟ್ಟಿತು.

"ಭಾವ, ಈ ತಿಂಗಳು ಪಾಲು ಜಾಸ್ತಿ ಬಂದಿದೆಯಲ್ಲ?"

"ರೂಲ್ಸ್ ಚೇಂಜ್ ಮಾಡಿದಾರೆ ಕಣಪ್ಪ. ಕ್ರೆಡಿಟ್ ಕಾರ್ಡಿಗೆ ಇನ್ನು ಡಿಸ್ಕೌಂಟ್ ಇಲ್ವಂತೆ."

"ಹಾಗಾದ್ರೆ ಬ್ಯಾಂಕ್ ಅಕೌಂಟ್ ನಂಬರ್ ಕೊಟ್ಬಿಡಿ."

ಆ ಕಡೆ ಮೌನ. ಹಿಂದಿನಿಂದ ಅಕ್ಕನ ದನಿ: "ಕೊಡ್ತಾರೆ, ಕೊಡ್ತಾರೆ. ಪಾಯಿಂಟು ಹೋಗಿದೆಯಲ್ಲ, ಸೂತಕ ಕಳೀಲಿ."

ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ದುಡ್ಡು ಕೊಡ್ತೀವಿ ಅಂದ್ರೂ ಇಂಥಾ ಜೇಬಿಂದಲೇ ತೆಗೆದು ಕೊಡು ಅಂತಾರೇನೋ?" ಎಂದರು. ಹೌದಮ್ಮ, ಹಾಗೇ ಅಂತಾರೆ.

ಕಂಪನಿಯ ಪರವಾಗಿಯೂ ಒಂದು ಮಾತು ಆಡಬೇಕು. ನಾಲ್ಕು ಲೈನು, ತಿಂಗಳಿಗೆ 200 ಡಾಲರ್ ಬಿಲ್ಲು ಎಂದಿಟ್ಟುಕೊಳ್ಳಿ. ಕ್ರೆಡಿಟ್ ಕಾರ್ಡಿನಿಂದ ಕಟ್ಟಿದರೆ ಕಾರ್ಡು ಕೊಟ್ಟ ಬ್ಯಾಂಕು, ವೀಸಾ ಅಥವಾ ಮಾಸ್ಟರ್‌ಕಾರ್ಡು, ನಡುವಿನವರು ಎಲ್ಲ ಸೇರಿ ನೂರಕ್ಕೆ ಸುಮಾರು ಎರಡರಿಂದ ಮೂರು ಡಾಲರ್ ಮುರಿದುಕೊಳ್ಳುತ್ತಾರೆ. ಅಂದರೆ ನಾಲ್ಕರಿಂದ ಆರು ಡಾಲರ್. ಭಾವನ ಪಾಯಿಂಟು ಆಕಾಶದಿಂದ ಉದುರುವುದಲ್ಲ, ಈ ಮುರುಕಿನಿಂದಲೇ ಬರುವುದು. ಡೆಬಿಟ್ ಕಾರ್ಡಿನ ಕಥೆ ಬೇರೆ. ಸೆನೆಟರ್ ಡರ್ಬಿನ್ 2010ರಲ್ಲಿ ತಂದ ತಿದ್ದುಪಡಿಯಿಂದಾಗಿ ದೊಡ್ಡ ಬ್ಯಾಂಕುಗಳು ಡೆಬಿಟ್ ಕಾರ್ಡಿನಲ್ಲಿ ಮುರಿದುಕೊಳ್ಳುವುದಕ್ಕೆ ಮಿತಿ ಬಿದ್ದಿದೆ: 21 ಸೆಂಟು, ಜೊತೆಗೆ ಮೊತ್ತದ ಶೇ. 0.05, ಮೋಸ ತಡೆಯುವ ಖರ್ಚಿಗೆಂದು ಮತ್ತೊಂದು ಸೆಂಟು. ಅದೇ 200 ಡಾಲರಿಗೆ ಬ್ಯಾಂಕು ತೆಗೆದುಕೊಳ್ಳುವುದು 32 ಸೆಂಟು ಮಾತ್ರ. ಕೋಟಿಗಟ್ಟಲೆ ಗಿರಾಕಿಗಳಿರುವ ಕಂಪನಿಗೆ ಇದು ಸಣ್ಣ ಗಂಟಲ್ಲ. ಉಳಿಸಲಿ, ಬೇಡ ಅನ್ನುವವರು ಯಾರು?

ಆದರೆ ಲೆಕ್ಕವನ್ನು ಇನ್ನೊಂದು ಸಾಲು ಮುಂದುವರಿಸಿ ನೋಡಿ. ನಾಲ್ಕು ಲೈನಿಗೆ ಹತ್ತರಂತೆ 40 ಡಾಲರ್ ರಿಯಾಯಿತಿ. ಆರು ಡಾಲರ್ ಉಳಿಸಿಕೊಳ್ಳುವುದಕ್ಕಾಗಿ ನಲವತ್ತು ಡಾಲರ್ ಬಿಟ್ಟುಕೊಡುವ ಧರ್ಮರಾಯ ಯಾವ ವ್ಯಾಪಾರದಲ್ಲಿದ್ದಾನೆ? ಆ ನಲವತ್ತು ಮೊದಲೇ ದರದಲ್ಲಿ ಸೇರಿತ್ತು, ಅಷ್ಟೇ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ರಿಯಾಯಿತಿ ಕಳೆದ ಬೆಲೆ. ಆಟೋಪೇ ಇದ್ದರೆ ಮಾತ್ರ ಎಂಬ ಷರತ್ತು ಅದರ ಕೆಳಗೆ ಇರುವೆಯಂತೆ ಹರಿದಾಡುತ್ತಿರುತ್ತದೆ.

ಇದರಲ್ಲಿ ಕಂಪನಿಗಳು ಪಾಠ ಕಲಿತದ್ದು ಯಾವಾಗ ಎಂದು ನನಗೆ ಗೊತ್ತು. 2011ರ ಡಿಸೆಂಬರ್ 29ರಂದು ವೆರೈಝನ್ ಒಂದು ಪ್ರಕಟಣೆ ಹೊರಡಿಸಿತು: ಆಟೋಪೇ ಇಲ್ಲದೆ ಪ್ರತಿ ತಿಂಗಳು ಆನ್‌ಲೈನಿನಲ್ಲೋ ಫೋನಿನಲ್ಲೋ ಕಾರ್ಡಿನಿಂದ ಬಿಲ್ಲು ಕಟ್ಟುವವರಿಗೆ ಇನ್ನು ಮೇಲೆ 2 ಡಾಲರ್ ಶುಲ್ಕ. ದೇಶವೇ ಮೈಮೇಲೆ ಬಂದವರಂತೆ ಕುಣಿಯಿತು. ದೂರಸಂಪರ್ಕದ ಸರ್ಕಾರಿ ಆಯೋಗವೂ ಹುಬ್ಬೇರಿಸಿತು. ಮಾರನೆಯ ದಿನವೇ, ಅಂದರೆ 30ಕ್ಕೆ, ಶುಲ್ಕ ವಾಪಸ್ಸು. ಎರಡು ಡಾಲರಿನ ಶುಲ್ಕ ಒಂದು ದಿನ ಬಾಳಲಿಲ್ಲ. ಈಗ ಲೈನಿಗೆ ಹತ್ತರಂತೆ ತಪ್ಪಿಹೋಗುವ ರಿಯಾಯಿತಿ ವರ್ಷಗಟ್ಟಲೆಯಿಂದ ಆರಾಮಾಗಿ ಬಾಳುತ್ತಿದೆ. ಕಿತ್ತುಕೊಂಡರೆ ನಾವು ಕೂಗುತ್ತೇವೆ, ಕೊಡದಿದ್ದರೆ ಗೊಣಗುತ್ತೇವೆ. ಗೊಣಗಾಟಕ್ಕೆ ಯಾವ ಕಂಪನಿಯೂ ಹೆದರುವುದಿಲ್ಲ. ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ 1980ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದರು. ನಗದಿಗೂ ಕಾರ್ಡಿಗೂ ಎರಡು ಬೆಲೆ ಇರಲೇಬೇಕೆಂದಾದರೆ ಅದನ್ನು ನಗದಿನ ರಿಯಾಯಿತಿ ಎನ್ನಿ, ಕಾರ್ಡಿನ ಮೇಲಿನ ಹೆಚ್ಚುವರಿ ಎನ್ನಬೇಡಿ ಎಂದು ಆಗಿನ ಕಾರ್ಡ್ ಕಂಪನಿಗಳೇ ಪಟ್ಟು ಹಿಡಿದಿದ್ದವಂತೆ. ತಮ್ಮನ್ನು ಕಾಪಾಡಲು ಅವರು ಹೊಸೆದ ಹಗ್ಗ ಈಗ ಅವರ ಗಿರಾಕಿಗಳ ಕೊರಳಿಗೆ ಬಂದಿದೆ.

ಎರಡು ಬೆಲೆ ನಮಗೇನು ಹೊಸತಲ್ಲ. ಇಲ್ಲಿ ನ್ಯೂಜೆರ್ಸಿಯ ಪೆಟ್ರೋಲ್ ಬಂಕುಗಳಲ್ಲಿ ನಗದಿಗೊಂದು, ಕ್ರೆಡಿಟ್ಟಿಗೊಂದು ದರ ಆಳೆತ್ತರದ ಬೋರ್ಡಿನಲ್ಲೇ ಇರುತ್ತದೆ. (ಈ ರಾಜ್ಯದಲ್ಲಿ ನಮ್ಮ ಕಾರಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, 1949ರಿಂದ ಕಾನೂನು. ಬೆಂಗಳೂರಿನಿಂದ ಬಂದವರಿಗೆ ತವರುಮನೆ ಅನ್ನಿಸುವ ಒಂದೇ ಜಾಗ.) ಚಿಕ್ಕಪೇಟೆಯ ಅಂಗಡಿಯಲ್ಲಿ "ಕಾರ್ಡಾದ್ರೆ ಟೂ ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್" ಎನ್ನುವವನ ಮೇಲೆ ಸಿಟ್ಟು ಬಂದರೂ ಅವನ ಲೆಕ್ಕ ನಮಗೆ ತಿಳಿಯುತ್ತದೆ. ಅವನಿಗೆ ಎರಡು ಖರ್ಚು, ನಮ್ಮಿಂದ ಎರಡು ವಸೂಲಿ. ಬೆಂಗಳೂರಿನ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ. 5 ಬಿಡುತ್ತಾರೆ, ಅದೂ ತಿಳಿಯುತ್ತದೆ: ಮುಂಚೆ ಕೊಟ್ಟದ್ದಕ್ಕೆ ಮುಂಚಿನ ಬೆಲೆ. ತಿಳಿಯದಿರುವುದು ಈ ಫೋನಿನವರದು. ನಾನೇನೂ ತಡವಾಗಿ ಕಟ್ಟುತ್ತಿಲ್ಲ, ಕಡಿಮೆ ಕಟ್ಟುತ್ತಿಲ್ಲ. ಖರ್ಚು ಆರಾದರೆ ಆರನ್ನು ಕೇಳಲಿ. ಗಲಾಟೆ ಮಾಡಿಯಾದರೂ ಕೊಟ್ಟೇನು.

ಹಾಗೆಂದು ಜನರ ಹಟ ಬರೀ ಪಾಯಿಂಟಿಗಾಗಿ ಎಂದುಕೊಳ್ಳಬೇಡಿ, ಭಾವನೊಬ್ಬರನ್ನು ಬಿಟ್ಟು. ಇಲ್ಲಿನ ಹಲವು ಕ್ರೆಡಿಟ್ ಕಾರ್ಡುಗಳಲ್ಲಿ ಒಂದು ಸವಲತ್ತಿದೆ: ಫೋನ್ ಬಿಲ್ಲನ್ನು ಆ ಕಾರ್ಡಿನಿಂದಲೇ ಕಟ್ಟುತ್ತಿದ್ದರೆ ಫೋನ್ ಒಡೆದರೆ, ಕಳುವಾದರೆ ಒಂದಿಷ್ಟು ದುಡ್ಡು ಅವರೇ ಕೊಡುತ್ತಾರೆ. ಅಕ್ಕನ ಮಗ ಫೋನನ್ನು ಜೇಬಿನಲ್ಲಿಟ್ಟುಕೊಂಡು ಟ್ರಾಂಪೊಲೀನ್ ಮೇಲೆ ಕುಣಿಯುವ ಜಾತಿಯವನು, ಆ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಬ್ಯಾಂಕ್ ಖಾತೆಯಿಂದ ಕಟ್ಟಿದ ತಿಂಗಳಿಂದ ಆ ವಿಮೆ ಹೋಯಿತು.

ಅದಕ್ಕಿಂತ ದೊಡ್ಡದು ಭಯ. ಕ್ರೆಡಿಟ್ ಕಾರ್ಡನ್ನು ಯಾರೋ ದುರುಪಯೋಗ ಮಾಡಿದರೆ ಇಲ್ಲಿನ ಕಾನೂನಿನ ಪ್ರಕಾರ ನಮ್ಮ ತಲೆಗೆ ಬೀಳುವುದು ಹೆಚ್ಚೆಂದರೆ 50 ಡಾಲರ್. ತಪ್ಪು ಬಿಲ್ಲು ಬಂದರೆ ಜಗಳ ಮುಗಿಯುವವರೆಗೆ ಆ ಮೊತ್ತ ಕಟ್ಟದೆ ಕೂರಬಹುದು. ಡೆಬಿಟ್ ಕಾರ್ಡು ಕಳೆದು ದುಡ್ಡು ಹೋದರೆ, ಗೊತ್ತಾದ ಎರಡು ಕೆಲಸದ ದಿನದೊಳಗೆ ದೂರು ಕೊಟ್ಟರೆ 50, ತಡವಾದರೆ 500ರವರೆಗೆ, ಸ್ಟೇಟ್‌ಮೆಂಟ್ ಬಂದು 60 ದಿನ ದಾಟಿಸಿದರೆ ಆಮೇಲೆ ಹೋದದ್ದಕ್ಕೆ ಮಿತಿಯೇ ಇಲ್ಲ. ಮುಖ್ಯವಾಗಿ, ಕ್ರೆಡಿಟ್ ಕಾರ್ಡಿನ ಜಗಳದಲ್ಲಿ ದುಡ್ಡು ನಮ್ಮ ಹತ್ತಿರ ಇರುತ್ತದೆ, ಅವರು ಕೇಳಬೇಕು. ಖಾತೆಯ ಜಗಳದಲ್ಲಿ ದುಡ್ಡು ಹೋಗಿರುತ್ತದೆ, ನಾವು ಕೇಳಬೇಕು. ಎಷ್ಟು ಹೊತ್ತು ಕೇಳಬೇಕೆಂಬುದು ಕಸ್ಟಮರ್ ಕೇರಿನ ಸಂಗೀತ ಕೇಳಿದವರಿಗೆಲ್ಲ ಗೊತ್ತು.

ಖಾತೆಯ ನಂಬರನ್ನು ನಂಬಿ ಕೊಡೋಣ ಎಂದರೆ ಈ ಕಂಪನಿಗಳ ಕಣಜದ ಬಾಗಿಲು ಎಷ್ಟು ಭದ್ರ? 2021ರಲ್ಲಿ ಟಿ-ಮೊಬೈಲಿನಿಂದ ಏಳೂವರೆ ಕೋಟಿಗೂ ಹೆಚ್ಚು ಜನರ ಮಾಹಿತಿ ಕಳುವಾಗಿ, ಮರುವರ್ಷ 35 ಕೋಟಿ ಡಾಲರಿಗೆ ರಾಜಿಯಾಯಿತು. ಎಟಿ ಅಂಡ್ ಟಿಯ ಹಾಲಿ, ಮಾಜಿ ಗಿರಾಕಿಗಳು ಸೇರಿ 7.3 ಕೋಟಿ ಜನರ ವಿವರ ಬಯಲಾಗಿದೆ ಎಂದು 2024ರ ಮಾರ್ಚಿನಲ್ಲಿ ಆ ಕಂಪನಿಯೇ ಹೇಳಿತು. ಇಷ್ಟಾದಮೇಲೂ ಗಿರಾಕಿಗೆ ಬರುವ ಸಲಹೆ, ಸಂಬಳ ಬೀಳುವ ಖಾತೆಯ ನಂಬರ್ ಕೊಡಿ, ಹತ್ತು ಡಾಲರ್ ಬಿಡುತ್ತೇವೆ ಎಂದು.

ಕಂಪನಿಗೆ ಬೇಕಿರುವುದೂ ಅದೇ ಎಂದು ನನ್ನ ಅನುಮಾನ. ಕಾರ್ಡಿನ ಅವಧಿ ಮುಗಿಯುತ್ತದೆ, ಕಳೆಯುತ್ತದೆ, ನಂಬರ್ ಬದಲಾಗುತ್ತದೆ, ಆಗ ಆಟೋಪೇ ನಿಂತು ಗಿರಾಕಿ ಬಿಲ್ಲನ್ನೊಮ್ಮೆ ಕಣ್ಣು ಬಿಟ್ಟು ನೋಡುತ್ತಾನೆ. ನೋಡಿದವನಿಗೆ ಬೇರೆ ಕಂಪನಿಯ ನೆನಪಾಗಬಹುದು. ಬ್ಯಾಂಕ್ ಖಾತೆಯನ್ನು ಮನುಷ್ಯ ಸುಲಭಕ್ಕೆ ಬದಲಾಯಿಸುವುದಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ ಒಂದು ನಿಯಮ ತಂದಿತು: ಕಾರ್ಡಿನಿಂದ ತಾನಾಗಿ ದುಡ್ಡು ಕಡಿತವಾಗುವ 24 ಗಂಟೆ ಮೊದಲೇ ಗಿರಾಕಿಗೆ ತಿಳಿಸಬೇಕು, 5,000 ರೂಪಾಯಿ ಮೀರಿದರೆ ಒಟಿಪಿ ಬೇಕು. 2022ರಲ್ಲಿ ಆ ಮಿತಿ 15,000ಕ್ಕೇರಿತು. ಆಗ ಚಂದಾ ನಿಂತುಹೋಯಿತೆಂದು ನಾವು ಶಾಪ ಹಾಕಿದ್ದೇ ಹಾಕಿದ್ದು. ಶಾಪ ವಾಪಸು ತೆಗೆದುಕೊಳ್ಳುವ ಸೌಕರ್ಯ ಇದ್ದಿದ್ದರೆ ಚೆನ್ನಾಗಿತ್ತು.

ಜನ ಸುಮ್ಮನಿರುತ್ತಾರೆಯೇ? ಉಪಾಯಗಳು ಹುಟ್ಟಿಕೊಂಡಿವೆ. ಬಿಲ್ಲಿಗೆಂದೇ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆಗೆದು, ಅಲ್ಲಿ ಬಿಲ್ಲಿನಷ್ಟೇ ದುಡ್ಡಿಡುವುದು ಒಂದು. ಕಳ್ಳ ಬಂದರೆ ಅವನಿಗೇ ಬೇಜಾರಾಗಬೇಕು, ಅಷ್ಟು. ಇನ್ನೊಂದು ಭಾವ ಹಿಡಿದದ್ದು: ಆಟೋಪೇಗೆ ಡೆಬಿಟ್ ಕಾರ್ಡು ತೋರಿಸಿ ರಿಯಾಯಿತಿ ಗಿಟ್ಟಿಸಿಕೊಳ್ಳುವುದು, ಅದು ದುಡ್ಡು ಎಳೆಯುವ ದಿನಕ್ಕೆ ಎರಡು ದಿನ ಮೊದಲು ತಾವೇ ಹೋಗಿ ಕ್ರೆಡಿಟ್ ಕಾರ್ಡಿನಿಂದ ಪೂರ್ತಿ ಕಟ್ಟಿಬಿಡುವುದು. ರಿಯಾಯಿತಿಯೂ ಉಂಟು, ಪಾಯಿಂಟೂ ಉಂಟು. ಕಂಪನಿ ಈ ಬಿಲವನ್ನು ಯಾವ ದಿನ ಮುಚ್ಚುತ್ತದೋ ಎಂಬ ಆತಂಕವೊಂದನ್ನು ಬಿಟ್ಟರೆ ಕ್ಷೇಮ. ತಾನಾಗಿ ಪಾವತಿಯಾಗಲೆಂದು ಮಾಡಿದ ಏರ್ಪಾಟಿಗಾಗಿ ಅವರೀಗ ತಿಂಗಳು ತಿಂಗಳು ಅಲಾರಂ ಇಟ್ಟು ಏಳುತ್ತಾರೆ. ಹಬ್ಬದ ದಿನ ಬಂದರೆ ಅಭ್ಯಂಜನಕ್ಕೂ ಮುಂಚೆ ಬಿಲ್ಲು.

ಇಷ್ಟೆಲ್ಲದರ ನಡುವೆ ನಾನು ನಿಜಕ್ಕೂ ತಲೆದೂಗಿದ್ದು ವೆರೈಝನ್ನಿನ ಒಂದು ಏರ್ಪಾಟಿಗೆ. ಕ್ರೆಡಿಟ್ ಕಾರ್ಡಿಗೆ ರಿಯಾಯಿತಿ ಇಲ್ಲ ಎನ್ನುವ ಅದರ ಷರತ್ತಿನಲ್ಲಿ ಒಂದೇ ಒಂದು ವಿನಾಯಿತಿ ಇದೆ. 2020ರಲ್ಲಿ ಅದು ಸಿಂಕ್ರೊನಿ ಬ್ಯಾಂಕಿನ ಜೊತೆ ಸೇರಿ ತನ್ನದೇ ಹೆಸರಿನ ಕಾರ್ಡೊಂದನ್ನು ಹೊರತಂದಿತು. ಅದರಿಂದ ಕಟ್ಟಿದರೆ ಹತ್ತು ಡಾಲರ್ ಭದ್ರ. ಅದೂ ವೀಸಾ ಕಾರ್ಡೇ, ಅದೂ ಕ್ರೆಡಿಟ್ಟೇ. ಅದಕ್ಕೂ ಪಾಯಿಂಟು ಬರುತ್ತದೆ, ಅದನ್ನು ವೆರೈಝನ್ನಿನ ಬಿಲ್ಲಿಗೇ ಕಟ್ಟಬಹುದು.